ಸಪ್ಲಿಮೆಂಟ್ ಬ್ರ್ಯಾಂಡ್‌ಗೆ ಫಿಟ್‌ನೆಸ್ ಎಕ್ಸ್‌ಪೋ ಸ್ಟಾಲ್ ಈಗಲೂ ಲಾಭವೇ?

ಮೂರು ಲಕ್ಷವನ್ನ ಎಕ್ಸ್‌ಪೋ ಸ್ಟಾಲ್‌ಗೆ ಹಾಕಲಾ, ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ಹಾಕಲಾ ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಇದೇ ಲೆಕ್ಕ ಹಾಕ್ತಾ ಕೂತಿದ್ದೆ.

ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಮೂರು ದಿನದ ಎಕ್ಸ್‌ಪೋ. 9 ಚದರ ಮೀಟರ್ ಜಾಗ, ಅದರ ಮೇಲೆ 18% ಜಿಎಸ್‌ಟಿ. ಆಗ ಮೆಟ್ರೋ ನಾಗಸಂದ್ರಕ್ಕೇ ಮುಗೀತಿತ್ತು, ಈಗಿನ ಹಾಗೆ ಮಾದಾವರದವರೆಗೆ ಇರಲಿಲ್ಲ. ಆದರೂ ಜನವೋ ಜನ! ಪುಕ್ಕಟೆ ಶೇಕರ್‌ಗೆ (ಪುಡಿ ಕಲಸಿ ಕುಡಿಯೋ ಬಾಟಲಿ) ಕಡಲೆಕಾಯಿ ಪರಿಷೆಯ ನೂಕುನುಗ್ಗಲು. ನಾನು ಗೆದ್ದೆ ಅಂದುಕೊಂಡೆ.

ಭಾನುವಾರ ಮಧ್ಯಾಹ್ನಕ್ಕೆ ಇನ್ನೂ 180 ಡಬ್ಬ ಪ್ರೋಟೀನ್ ಪುಡಿ ಉಳಿದಿತ್ತು. ವಾಪಸ್ ಒಯ್ಯೋಕೆ ಟೆಂಪೋದವನು 2,500 ಕೇಳಿದ. ಅದನ್ನ ಉಳಿಸೋಣ ಅಂತ ಬೆಲೆ ಇಳಿಸಿದೆ. ನಾನು ಕೈ ಸುಟ್ಟುಕೊಂಡಿದ್ದು ಇಲ್ಲೇ, ಬಿಡಿಸಿ ಹೇಳ್ತೀನಿ. 2 ಕೆಜಿ ಡಬ್ಬದ ಎಂಆರ್‌ಪಿ 4,800. ಡೀಲರ್‌ಗೆ 3,300ಕ್ಕೆ ಕೊಡ್ತಿದ್ದೆ, ಅವರು ಗಿರಾಕಿಗೆ ಸುಮಾರು 4,000ಕ್ಕೆ ಮಾರೋರು. ನಾನು ಸ್ಟಾಲ್‌ನಲ್ಲಿ ಬರೆದಿದ್ದು 2,999. ಅಂದ್ರೆ ಡೀಲರ್ ನನಗೆ ಕೊಟ್ಟ ದುಡ್ಡಿಗಿಂತ 301 ರೂಪಾಯಿ ಕಮ್ಮಿಗೆ, ಅವರದೇ ಗಿರಾಕಿಗೆ ಮಾರಿದೆ. ಒಬ್ಬ ಜಿಮ್ ಟ್ರೈನರ್ ಒಟ್ಟಿಗೆ 20 ಡಬ್ಬ ಹೊತ್ತುಕೊಂಡು ಹೋದ. ನಾನು ಖುಷಿಯಿಂದ ಟೀ ಶರ್ಟ್ ಬೇರೆ ಕೊಟ್ಟೆ! ಮರುದಿನ ಅವನು ಅದನ್ನೇ ತನ್ನ ಜಿಮ್‌ನಲ್ಲಿ 3,400ಕ್ಕೆ ಮಾರಿದ. ಪಕ್ಕದಲ್ಲೇ ಇದ್ದ ರಾಜಾಜಿನಗರದ ನನ್ನ ಡೀಲರ್ ಫೋನ್ ಮಾಡಿ, "ಏನ್ ಸಾರ್, ನಾನೂ ಕ್ಯೂನಲ್ಲಿ ನಿಂತು ನಿಮ್ಮ ಸ್ಟಾಲ್‌ನಲ್ಲೇ ತಗೋಬೇಕಿತ್ತಾ?" ಅಂದ್ರು. ಎರಡು ತಿಂಗಳಲ್ಲಿ 14 ಅಂಗಡಿಯಲ್ಲಿ 9 ಮಾಲು ವಾಪಸ್ ಕಳಿಸಿದ್ವು. 2,999ಕ್ಕೆ ಕೊಂಡ ಗಿರಾಕಿಯಂತೂ 4,000 ಕೊಟ್ಟು ಮತ್ತೆ ಯಾಕೆ ಬರ್ತಾನೆ?

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆಯೇ ತಪ್ಪು. ಸ್ಟಾಲು ಮಾರಾಟದ ಜಾಗ ಅನ್ನೋ ಕಾಲ ಹೋಯ್ತು. ಆಗ ನಕಲಿ ವೇ ಪ್ರೋಟೀನಿನ (ಹಾಲಿನಿಂದ ತೆಗೆಯೋ ಪ್ರೋಟೀನ್) ಭಯಕ್ಕೆ ಜನ ಕಂಪನಿಯವರ ಕೈಯಿಂದಲೇ ಕೊಳ್ಳೋಕೆ ಬರ್ತಿದ್ರು. ಈಗ ಅಸಲಿಯೋ ನಕಲಿಯೋ ಅಂತ ಡಬ್ಬದ ಕೋಡ್ ಕೆರೆದು ನೋಡ್ತಾರೆ, ಬ್ಲಿಂಕಿಟ್ ಆ್ಯಪ್‌ನಲ್ಲಿ ಮನೆಗೇ ತರಿಸ್ತಾರೆ. ಅಮುಲ್ ತಾನೇ ಆನ್‌ಲೈನ್‌ನಲ್ಲಿ ವೇ ಮಾರ್ತಿದೆ, ನಂದಿನಿಯವರು 2024ರ ಡಿಸೆಂಬರ್‌ನಲ್ಲಿ ದೋಸೆ ಹಿಟ್ಟಿಗೇ ವೇ ಪ್ರೋಟೀನ್ ಸೇರಿಸಿದ್ರು. 2020ರಲ್ಲಿ ಕೋವಿಡ್ ಬಂದು ಅಮೆರಿಕದ ಕೊಲಂಬಸ್‌ನ ದೊಡ್ಡ ಫಿಟ್‌ನೆಸ್ ಮೇಳ ಆರ್ನಾಲ್ಡ್ ಎಕ್ಸ್‌ಪೋನೇ ರದ್ದಾಯ್ತು, ಬ್ರ್ಯಾಂಡ್‌ಗಳೇನೂ ಸತ್ತುಹೋಗ್ಲಿಲ್ಲ.

ಈ ವರ್ಷ ಟಿಕೆಟ್ ತಗೊಂಡು ಬರೀ ನೋಡೋಕೆ ಹೋಗಿ. ಶುಕ್ರವಾರ ಹೋಗಿ, ಭಾನುವಾರ ಸೆಲ್ಫಿಯವರೇ ತುಂಬಿರ್ತಾರೆ. ಜಿಮ್ ಮಾಲೀಕರು, ಡೀಲರ್‌ಗಳು, ನಿಮ್ಮ ಪುಡಿ ತಯಾರಿಸಿಕೊಡೋ ಕಾರ್ಖಾನೆಯವರು ಒಂದೇ ಸೂರಿನಡಿ ಸಿಗ್ತಾರೆ. ಎಕ್ಸ್‌ಪೋದಲ್ಲಿ ಈಗ ಉಳಿದಿರೋ ಬೆಲೆ ಇಷ್ಟೇ. ಇನ್‌ಸ್ಟಾಗ್ರಾಮ್ ವಿಷಯ ನನಗೆ ಅಷ್ಟು ತಿಳಿಯದು, ನನ್ನ ತಂಗಿ ನೋಡ್ಕೋತಾಳೆ. ಸ್ಟಾಲ್ ಹಾಕಲೇಬೇಕು ಅನ್ನೋ ಹಠ ಇದ್ರೆ ಒಂದು ಸ್ಕೂಪಿನ ಸ್ಯಾಷೆ ಮಾತ್ರ ಒಯ್ಯಿರಿ, ದೊಡ್ಡ ಡಬ್ಬ ಒಂದೂ ಬೇಡ. ಕೊಳ್ಳೋಕೆ ಕೇಳಿದವರಿಗೆ ಅವರ ಏರಿಯಾದ ಡೀಲರ್ ನಂಬರ್ ಕೊಡಿ.

ರಾಜಾಜಿನಗರದ ಅಂಗಡಿಗೆ ನಾನು ಈಗಲೂ ಹೋಗ್ತೀನಿ. ಕಾಫಿ ತರಿಸ್ತಾರೆ, ಆರ್ಡರ್ ಮಾತ್ರ ಕೊಡಲ್ಲ.