ಮಳೆಗಾಲ, ಒಂದೂವರೆ ತಿಂಗಳ ಮಗು, ಗೋಡೆಯಲ್ಲಿ ಬೂಷ್ಟು: ಏರ್ ಪ್ಯೂರಿಫೈಯರ್ ತಗೋಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ ಮನೆ. ಒಂದೂವರೆ ತಿಂಗಳ ಮಗು. ಬಾಣಂತಿ ಕೋಣೆಯ ಗೋಡೆಯಲ್ಲಿ ಕಪ್ಪು ಬೂಷ್ಟು. ದಿನಕ್ಕೆರಡು ಸಲ ಧೂಪ, ರಾತ್ರಿ ಸೊಳ್ಳೆ ಕಾಯಿಲ್. ಮಗುವಿಗೆ ಆಗಾಗ ಮೂಗು ಕಟ್ಟುತ್ತದೆ. ಹದಿನೈದು ಸಾವಿರ ಕೊಟ್ಟು ಏರ್ ಪ್ಯೂರಿಫೈಯರ್ ತಂದರೆ ಸರಿಹೋಗುತ್ತದಾ ಅಂತ.

ಬೇಡ. ಈಗಂತೂ ಬೇಡ. ಆ ದುಡ್ಡಿನಲ್ಲಿ ಮೊದಲು ಒಂದು ಒಳ್ಳೆಯ ಸೊಳ್ಳೆ ಪರದೆ, ಅಡುಗೆಮನೆಗೊಂದು ಎಕ್ಸಾಸ್ಟ್ ಫ್ಯಾನ್ ತನ್ನಿ. ಉಳಿದದ್ದನ್ನು ಮಳೆ ಹೊಡೆಯುವ ಗೋಡೆಗೆ ಒಂದು ಶೀಟಿನ ಮಾಡು (ಚಾವಣಿ) ಇಳಿಸಲು ಇಟ್ಟುಕೊಳ್ಳಿ.

ನಾನು ಡಾಕ್ಟರಲ್ಲ. ಬದಿಯಡ್ಕ ಕಡೆ ಮನೆ ಕಟ್ಟಿಸುವ ಕೆಲಸ ನನ್ನದು, ಎರಡು ಮಕ್ಕಳ ಅಪ್ಪ. ಗೋಡೆ, ಒಲೆ, ಹೊಗೆ, ಕಿಟಕಿ ವಿಷಯ ಧೈರ್ಯವಾಗಿ ಹೇಳುತ್ತೇನೆ. ಮೂಗು ಕಟ್ಟುವುದನ್ನು ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿಯೇ ಬಿಡಿ.

ಪ್ಯೂರಿಫೈಯರ್ ಕೆಟ್ಟ ಯಂತ್ರ ಅಂತ ನಾನು ಹೇಳುವುದಿಲ್ಲ. ಅದರೊಳಗಿನ ಒಳ್ಳೆಯ ಹೆಪಾ ಫಿಲ್ಟರ್ (ತೀರಾ ಸಣ್ಣ ಕಣ ಹಿಡಿಯುವ ಸೋಸುಪದರ) ಕಣ್ಣಿಗೆ ಕಾಣದ 0.3 ಮೈಕ್ರಾನಿನ ಕಣವನ್ನೂ 99.97 ಶೇಕಡಾ ಹಿಡಿಯುತ್ತದೆ. ಆದರೆ ಅದು ದೆಹಲಿಯಂಥ ಊರಿಗೆ ಹೇಳಿಸಿದ್ದು, ಅಲ್ಲಿ ಹೊರಗಿನ ಗಾಳಿಯೇ ಕೆಟ್ಟದ್ದು, ಕಿಟಕಿ ಮುಚ್ಚಿ ಕೂರದೆ ಬೇರೆ ದಾರಿಯಿಲ್ಲ. ನಮ್ಮಲ್ಲಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹೊರಗಿನ ಗಾಳಿಯನ್ನು ಮಳೆಯೇ ತೊಳೆದು ಇಟ್ಟಿರುತ್ತದೆ. ಕೆಡುವುದು ಒಳಗೆ, ಕೆಡಿಸುವುದು ನಾವು, ಅದೂ ಮಗುವಿನ ಮೇಲಿನ ಪ್ರೀತಿಯಿಂದ. ಧೂಪ ಹಾಕುತ್ತಾ, ಕಾಯಿಲ್ ಉರಿಸುತ್ತಾ ಪಕ್ಕದಲ್ಲಿ ಪ್ಯೂರಿಫೈಯರ್ ಇಡುವುದು ಅಂದರೆ ಸೋರುವ ಮಾಡಿನ ಕೆಳಗೆ ನೆಲ ಒರೆಸುತ್ತಾ ಕೂತ ಹಾಗೆ. ಮತ್ತೆ, ಅದು ಗೋಡೆ ಒಣಗಿಸುವುದಿಲ್ಲ. ಕಾರ್ಬನ್ ಫಿಲ್ಟರ್ ಇಲ್ಲದಿದ್ದರೆ ವಾಸನೆ, ಅನಿಲ ಯಾವುದನ್ನೂ ಹಿಡಿಯುವುದಿಲ್ಲ.

ಹುಟ್ಟಿದ ಮಗು ನಿಮಿಷಕ್ಕೆ 30ರಿಂದ 60 ಸಲ ಉಸಿರಾಡುತ್ತದೆ. ದೊಡ್ಡವರು 12ರಿಂದ 20. ಮೈತೂಕಕ್ಕೆ ಹೋಲಿಸಿದರೆ ಅದು ಎಳೆದುಕೊಳ್ಳುವ ಗಾಳಿ ನಮಗಿಂತ ಎಷ್ಟೋ ಜಾಸ್ತಿ. ಶ್ವಾಸಕೋಶದ ಗಾಳಿಗೂಡುಗಳು ಹುಟ್ಟಿದ ಮೇಲೂ ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತವೆ. ನಮಗಾದರೆ ಹೊಗೆ ಬಂದರೆ ಎದ್ದು ಜಗಲಿಗೆ ಹೋಗಬಹುದು, ಅದು ಹೋಗುತ್ತದಾ? ದಿನವಿಡೀ ಅದೇ ಕೋಣೆ.

ಈಗ ಧೂಪ. ಇದೇ ದೊಡ್ಡ ವಿಷಯ, ಮನೆಯಲ್ಲಿ ಜಗಳ ಆಗುವುದೂ ಇದರಲ್ಲೇ.

ಎಣ್ಣೆ ಹಚ್ಚಿ, ಬಿಸಿನೀರಲ್ಲಿ ಮೀಯಿಸಿ, ಗೆರಟೆಯ ಕೆಂಡಕ್ಕೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ, ಬಾಣಂತಿಯ ತಲೆಗೂದಲಿಗೆ ಹೊಗೆ ಹಿಡಿದು, ಆ ಮೇಲೆ ಮಗುವನ್ನೂ ಅದರ ಮೇಲೆ ಎರಡು ಸುತ್ತು ಆಡಿಸುವುದು. ನಮ್ಮ ಕಡೆ ಜಾತಿ ಯಾವುದೇ ಇರಲಿ, ಸ್ವಲ್ಪ ಹೆಚ್ಚುಕಡಿಮೆ ಇದು ಇದೆ. ಅಜ್ಜಿಯಂದಿರು ಇದನ್ನು ಸುಮ್ನೆ ಮಾಡಿದ್ದಲ್ಲ. ಕರೆಂಟ್ ಇಲ್ಲ, ಫ್ಯಾನ್ ಇಲ್ಲ, ತಿಂಗಳುಗಟ್ಟಲೆ ಬಿಸಿಲಿಲ್ಲ, ಮೊಣಕಾಲುದ್ದದ ಕೂದಲು ಒಣಗಬೇಕು, ಸೊಳ್ಳೆ ಓಡಬೇಕು. ಆಗಿನ ಮನೆಯೂ ಬೇರೆ. ಹಂಚಿನ ಮಾಡು, ಸಂದಿಸಂದಿಯಲ್ಲಿ ಗಾಳಿ. ಎಷ್ಟು ಹೊಗೆ ಹಾಕಿದರೂ ಸ್ವಲ್ಪ ಹೊತ್ತಿಗೆ ಮೇಲಿನಿಂದ ಹೊರಟುಹೋಗುತ್ತಿತ್ತು. ಈಗ ನಾವೇ ಕಟ್ಟಿಸುವುದು ಕಾಂಕ್ರೀಟ್ ತಾರಸಿ, ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ, ಸೊಳ್ಳೆ ಬರುತ್ತದೆ ಅಂತ ಸಂಜೆ ಐದಕ್ಕೇ ಅದನ್ನೂ ಎಳೆದು ಹಾಕುವುದು. ಹೊಗೆ ಹೋಗುವುದೆಲ್ಲಿಗೆ? ಹಾಸಿಗೆಗೆ, ಪರದೆಗೆ, ಮಗುವಿನ ಮೂಗಿಗೆ.

ಹೊಗೆಗಿಂತ ಹೆದರಬೇಕಾದ್ದು ಕೆಂಡಕ್ಕೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ಜೀವ ತೆಗೆಯುವ ವಿಷಾನಿಲ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಧೂಪದ ಹೊಗೆ ಆರಿದ ಮೇಲೂ, ಕೆಂಡ ಕೆಂಪಗಿರುವಷ್ಟು ಹೊತ್ತೂ ಅದು ಬರುತ್ತಲೇ ಇರುತ್ತದೆ. ಥಂಡಿಗೆ ಬೆಚ್ಚಗಿರಲಿ ಅಂತ ಅಗ್ಗಿಷ್ಟಿಕೆಯನ್ನು ಮಂಚದ ಕೆಳಗೆ ತಳ್ಳಿ ಬಾಗಿಲು ಹಾಕುವವರಿದ್ದಾರೆ. ದಯವಿಟ್ಟು ಒಂದು ದಿನವೂ ಅದನ್ನು ಮಾಡಬೇಡಿ. ಸ್ನಾನದ ಕೋಣೆಯ ಒಳಗೇ ಗ್ಯಾಸ್ ಗೀಸರ್ ಇದ್ದರೆ ಅದರದ್ದೂ ಇದೇ ಕತೆ.

ಅಮ್ಮನಿಗೆ, ಅತ್ತೆಗೆ ಹೇಗೆ ಹೇಳುವುದು ಅಂದರೆ, ಅದು ಮೂಢನಂಬಿಕೆ ಅಂತ ಶುರು ಮಾಡಬೇಡಿ. ಅಲ್ಲಿಗೆ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ಆದ ಒಪ್ಪಂದ ಹೇಳುತ್ತೇನೆ: ಬಾಣಂತಿಯ ಕೂದಲಿಗೆ ಬೇಕಾದರೆ ಹಿಂದಿನ ಜಗಲಿಯಲ್ಲಿ ಧೂಪ, ಆಗ ಮಗು ಎದುರಿನ ಕೋಣೆಯಲ್ಲಿ ಬೇರೆಯವರ ಕೈಯಲ್ಲಿ. ಮಗುವಿಗೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರೆ ಆಯಿತು, ಅದರ ತಲೆಯಲ್ಲಿ ಕೂದಲೇ ಎಷ್ಟಿದೆ ಮಾರಾಯ್ರೆ. ಡಾಕ್ಟರ್ ಹತ್ತಿರ ಹೋದಾಗ ಚೀಟಿಯಲ್ಲಿ "ಹೊಗೆ ಬೇಡ" ಎಂದು ಬರೆಸಿಕೊಂಡು ಬನ್ನಿ. ಮಗನ ಮಾತು ಕೇಳದವರು ಚೀಟಿಯ ಮಾತು ಕೇಳುತ್ತಾರೆ. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಕನ್ನಡವೋ ತುಳುವೋ ಬಂದರೆ ಅವರ ಬಾಯಿಂದಲೂ ಹೇಳಿಸಿ. ಕೈಗೆ ಸಿಗುವ ಕಾಗದಗಳು ಹೆಚ್ಚಾಗಿ ಮಲಯಾಳದಲ್ಲೇ, ನಮ್ಮ ಅಜ್ಜಿಯಂದಿರಿಗೆ ಅದನ್ನು ಓದಲು ಬರುವುದಿಲ್ಲ, ನಾವೂ ಓದಿ ಹೇಳುವುದಿಲ್ಲ.

ಕಾಯಿಲ್ ಇವತ್ತೇ ನಿಲ್ಲಿಸಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಕಾಯಿಲ್ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು ಅಳೆದಿದ್ದರು. ಕಡಿಮೆ ಹೊಗೆಯದ್ದು ಅಂತ ಮಾರುವುದನ್ನೂ ಮುಚ್ಚಿದ ಕೋಣೆಯಲ್ಲಿ ಮಗುವಿನ ಪಕ್ಕ ಇಡುವುದು ಬೇಡ. ಹಾಗಂತ ಸೊಳ್ಳೆ ಬಿಟ್ಟುಬಿಡಿ ಅಂತ ಅಲ್ಲ. ನಮ್ಮ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲಿನ ಚಿಪ್ಪು, ಎಲ್ಲದರಲ್ಲೂ ನೀರು ನಿಂತು ಡೆಂಗಿ ಸೊಳ್ಳೆ ಹುಟ್ಟುತ್ತದೆ. ಅದು ಕಚ್ಚುವುದು ಹಗಲಲ್ಲಿ. ಅದಕ್ಕೆ ಪರದೆ ಹಗಲು ಮಲಗಿಸುವಾಗಲೂ ಬೇಕು, ರಾತ್ರಿಗೆ ಮಾತ್ರ ಅಲ್ಲ. ಕಿಟಕಿಗೆ ಬಲೆ ಹೊಡೆಸಿದರೆ ಇನ್ನೂ ಒಳ್ಳೆಯದು, ಆಗ ಕಿಟಕಿ ತೆರೆದೇ ಇಡಬಹುದಲ್ವಾ.

ಬಚ್ಚಲ ಒಲೆ ನೀವು ಬರೆದಿಲ್ಲ, ಆದರೆ ನಿಮ್ಮಲ್ಲಿ ಇದ್ದೇ ಇರಬೇಕು. ಬಾಣಂತನ ಅಂದರೆ ಹಂಡೆ ತುಂಬ ಬಿಸಿನೀರು, ಒಲೆಗೆ ಹಸಿ ಮಡಲು, ಅಡಿಕೆ ಸಿಪ್ಪೆ. ಒದ್ದೆ ಸೌದೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಸೌದೆ ಹೊಗೆ ತುಂಬುವ ಮನೆಯಲ್ಲಿ ಸಣ್ಣ ಮಕ್ಕಳಿಗೆ ನ್ಯುಮೋನಿಯಾದಂಥ ಸೋಂಕು ಬರುವ ಸಾಧ್ಯತೆ ಹತ್ತಿರ ಹತ್ತಿರ ಎರಡುಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆಯವರೇ ಹೇಳುತ್ತಾರೆ. ಒಣ ಗೆರಟೆ, ಒಣ ಕಟ್ಟಿಗೆ ಮಾತ್ರ ಮಗು ಇರುವ ತಿಂಗಳುಗಳಿಗೆ ಅಂತ ಬೇರೆ ತೆಗೆದಿಡಿ. ಒಲೆಗೆ ಹೊಗೆಕೊಳವೆ ಇಲ್ಲದಿದ್ದರೆ ಹಾಕಿಸಿ, ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರು ಮಾಡಿದ ಅಸ್ತ್ರ ಒಲೆಯ ಹೆಸರು ನಿಮ್ಮ ಅಪ್ಪನಿಗೆ ಗೊತ್ತಿರಬಹುದು, ಅದರಲ್ಲೂ ಹೊಗೆಕೊಳವೆ ಇದೆ. ಕೊಳವೆ ಸೂರಿಗಿಂತ ಮೇಲೆ ಹೋಗಲಿ. ಸೂರಿನ ಕೆಳಗೇ ನಿಂತರೆ ಹೊಗೆ ತಿರುಗಿ ಒಳಗೆ ಬರುತ್ತದೆ.

ಎಕ್ಸಾಸ್ಟ್ ಫ್ಯಾನ್ ಹಾಕುವಾಗ ಒಂದು ವಿಷಯ ನೋಡಿ, ಇದನ್ನು ಎಲೆಕ್ಟ್ರಿಷಿಯನ್ ಹೇಳುವುದಿಲ್ಲ. ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ಹಾಕಿದರೆ ಅಷ್ಟೇ ಗಾಳಿ ಬೇರೆಲ್ಲಿಂದಲೋ ಒಳಗೆ ಬರಲೇಬೇಕು. ಮನೆಯಲ್ಲಿ ತೆರೆದಿರುವುದು ಬಚ್ಚಲ ಕಡೆಯ ಬಾಗಿಲು ಮಾತ್ರ ಆದರೆ, ಒಲೆಯ ಹೊಗೆಯನ್ನು ನೀವೇ ದುಡ್ಡು ಕೊಟ್ಟು ಮನೆಯೊಳಗೆ ಎಳೆದ ಹಾಗಾಯಿತು. ಒಲೆ ಉರಿಯುವಾಗ ಆ ಬಾಗಿಲು ಹಾಕಿ, ಎದುರಿನ ಕಿಟಕಿ ತೆರೆಯಿರಿ. ಒಗ್ಗರಣೆ, ಕರಿಯುವುದು ಗ್ಯಾಸಿನಲ್ಲೇ ಆದರೂ ಫ್ಯಾನ್ ಓಡಲಿ.

ಅದೇ ಒಲೆಯ ಮೇಲೆ ಮಗುವಿನ ಬಟ್ಟೆ ಒಣಗಿಸುವ ಅಭ್ಯಾಸ ಇದೆಯಾ? ಮೂಸಿ ನೋಡಿ. ಹೊಗೆ ವಾಸನೆ ಬಂದರೆ ಮಗು ಇಪ್ಪತ್ತನಾಲ್ಕು ಗಂಟೆಯೂ ಅದನ್ನು ಮೂಸುತ್ತಲೇ ಇರುತ್ತದೆ. ತಾರಸಿ ಮೇಲೆ ಶೀಟು ಹಾಕಿದ್ದರೆ ಅಲ್ಲಿ ಒಣಗಿಸಿ, ಕೊನೆಗೆ ಒಮ್ಮೆ ಇಸ್ತ್ರಿ ಹಾಕಿ. ಬಾಣಂತಿ ಕೋಣೆಯೊಳಗೆ ಹಗ್ಗ ಕಟ್ಟಬೇಡಿ, ಬಟ್ಟೆಯ ನೀರೆಲ್ಲ ಗೋಡೆಗೇ ಹೋಗುತ್ತದೆ.

ಇನ್ನು ಬೂಷ್ಟು. ನಮ್ಮ ಕೆಂಪು ಕಲ್ಲಿನ ಗೋಡೆಗೆ ತೂತು ಜಾಸ್ತಿ, ನೀರು ಕುಡಿಯುತ್ತದೆ. ಮಳೆ ಗಾಳಿ ಬರುವುದು ಪಡು-ತೆಂಕಿನಿಂದ, ನಿಮ್ಮ ಬೂಷ್ಟೂ ಆ ದಿಕ್ಕಿನ ಗೋಡೆಯಲ್ಲೇ ಇರಬೇಕು. ಒಳಗಿನಿಂದ ಎಷ್ಟು ಉಜ್ಜಿದರೂ ಹೊರಗೆ ಮಳೆ ಹೊಡೆಯುವುದು ನಿಲ್ಲದೆ ಅದು ಹೋಗುವುದಿಲ್ಲ. ಅದಕ್ಕೇ ಶೀಟಿನ ಮಾಡು ಅಂದದ್ದು. ಬೂಷ್ಟು ನೆಲದಿಂದ ಮೇಲಕ್ಕೆ ಹತ್ತಿದ್ದಾದರೆ ಬೇರೆ, ಅದು ಅಡಿಪಾಯದ ತೇವ, ಅದರ ಕೆಲಸ ಬೇಸಗೆಯಲ್ಲಿ. ಸದ್ಯಕ್ಕೆ ಮಗುವನ್ನು ಆ ಕೋಣೆಯಿಂದ ಬದಲಾಯಿಸಿ. ಸಾಧ್ಯವೇ ಇಲ್ಲದಿದ್ದರೆ ಮಂಚ, ಕಪಾಟು ಗೋಡೆಯಿಂದ ಒಂದು ಗೇಣು ದೂರ ಎಳೆಯಿರಿ, ಹಿಂದೆ ಗಾಳಿ ಆಡಲಿ. ಉಜ್ಜುವಾಗ ಮಗು, ಬಾಣಂತಿ ಇಬ್ಬರೂ ಬೇರೆ ಕಡೆ ಇರಬೇಕು. ಒಣ ಬ್ರಷ್‌ನಲ್ಲಿ ಕೆರೆಯಬೇಡಿ, ಬೀಜವೆಲ್ಲ ಹಾರುತ್ತದೆ. ಮಾಸ್ಕ್ ಹಾಕಿ, ಸಾಬೂನು ನೀರಲ್ಲಿ ಒದ್ದೆ ಮಾಡಿ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಬ್ಲೀಚಿಂಗ್ ನೀರು ಬಳಸುವುದಾದರೆ ಕಕ್ಕಸು ತೊಳೆಯುವ ಆಸಿಡ್ ಅದರ ಜೊತೆ ಸೇರಿಸಲೇಬಾರದು, ಕ್ಲೋರಿನ್ ಅನಿಲ ಬರುತ್ತದೆ.

ಈಗಲೇ ಪೇಂಟ್ ಹೊಡೆಸಿ ಮುಚ್ಚೋಣ ಅಂತ ಯಾರಾದರೂ ಹೇಳಿಯಾರು. ಒದ್ದೆ ಗೋಡೆಗೆ ಹೊಡೆದ ಪೇಂಟ್ ಗುಳ್ಳೆ ಬಂದು ಬೀಳುತ್ತದೆ, ಅದರ ವಾಸನೆ ಬೇರೆ ಮಗುವಿಗೆ. ಡಿಸೆಂಬರ್ ನಂತರ ಮಾಡಿಸಿ. ಆ ಗೋಡೆಗೆ ಸುಣ್ಣ ಸಾಕು, ಸುಣ್ಣದಲ್ಲಿ ಬೂಷ್ಟು ಸುಲಭವಾಗಿ ಏಳುವುದಿಲ್ಲ. ಹಳೆಯ ಮನೆಯ ಬಾಗಿಲು, ಕಿಟಕಿಯ ಎಣ್ಣೆ ಪೇಂಟನ್ನಂತೂ ಮಗು ಇರುವಾಗ ಕೆರೆಸಬೇಡಿ. ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ, ಅದಕ್ಕಿಂತ ಹಿಂದಿನ ಪೇಂಟಿನ ಧೂಳಿನಲ್ಲಿ ಸೀಸ ಇರಬಹುದು.

ತೇವ ಅಳೆಯುವ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದೊಂದು ಇಡಿ. ಪುಸ್ತಕದಲ್ಲಿ 60 ಶೇಕಡಾ ಒಳಗಿರಬೇಕು ಅಂತ ಇರುತ್ತದೆ, ಜುಲೈಯಲ್ಲಿ ನಮ್ಮೂರಲ್ಲಿ ಅದು ಆಗುವ ಮಾತಲ್ಲ. ಎಸಿ ಇದ್ದರೆ ಡ್ರೈ ಮೋಡ್‌ನಲ್ಲಿ ಸ್ವಲ್ಪ ಹೊತ್ತು ಓಡಿಸಿ. ಇಲ್ಲದಿದ್ದರೆ ಮಳೆ ಬಿಟ್ಟಾಗ ಎದುರುಬದುರು ಕಿಟಕಿ ತೆರೆದು ಫ್ಯಾನ್ ಹಾಕಿ. ಥಂಡಿ ಆಗುತ್ತದೆ ಅಂತ ಬೊಬ್ಬೆ ಬಂದರೆ ಮಗುವಿಗೊಂದು ಟೊಪ್ಪಿ ಹಾಕಿ, ಗಾಳಿ ನೇರ ಬೀಳದ ಕಡೆ ಮಲಗಿಸಿ. ಸಣ್ಣ ಕಣ ಅಳೆಯುವ ಮೀಟರ್ ಮಾತ್ರ ತರಬೇಡಿ. ಅಗ್ಗದವು ಗಾಳಿಯ ತೇವವನ್ನೂ ಧೂಳು ಅಂತ ಲೆಕ್ಕ ಹಾಕಿ ಮಳೆಗಾಲದಲ್ಲಿ ಸುಮ್ಮನೆ ಹೆದರಿಸುತ್ತವೆ.

ಸಣ್ಣಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ಮಗುವಿನ ಬಟ್ಟೆಯ ಕಪಾಟಿನಲ್ಲಿ ನ್ಯಾಫ್ತಲಿನ್ ಗುಳಿಗೆ ಬೇಡ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅದರಿಂದ ರಕ್ತಕಣ ಒಡೆದು ಕಾಮಾಲೆ ಆಗಬಹುದು. ಕರ್ಪೂರ, ವಿಕ್ಸ್ ಎರಡು ವರ್ಷದ ಒಳಗೆ ಬೇಡವೇ ಬೇಡ. ಪೌಡರ್, ರೂಮ್ ಸ್ಪ್ರೇ ಎರಡೂ ಬೇಡ. ಗಾಳಿ ಶುದ್ಧ ಮಾಡುತ್ತದೆ ಅಂತ ಕುಂಡದ ಗಿಡ ತರುವುದು ಚಂದಕ್ಕೆ ಸರಿ, ಅದರಿಂದ ಗಾಳಿ ಬದಲಾಗಬೇಕಾದರೆ ಕೋಣೆಯೇ ಕಾಡಾಗಬೇಕು. ಬೀಡಿ ಸೇದುವ ಮಾವಂದಿರು ಅಂಗಳದಲ್ಲೇ ಸೇದಲಿ, ಕೈ ಬಾಯಿ ತೊಳೆದು ಅಂಗಿ ಬದಲಾಯಿಸಿ ಮಗುವನ್ನು ಎತ್ತಿಕೊಳ್ಳಲಿ. ಬೀಡಿ, ಸಿಗರೇಟಿನ ಹೊಗೆ ಇರುವ ಮನೆಯಲ್ಲಿ ಎಳೆಮಕ್ಕಳು ನಿದ್ದೆಯಲ್ಲೇ ಹಠಾತ್ತಾಗಿ ತೀರಿಹೋಗುವ ಅಪಾಯ ಹೆಚ್ಚು. ಇಲ್ಲಿ ದಾಕ್ಷಿಣ್ಯ ಮಾಡಬೇಡಿ.

ಮೂಗು ಕಟ್ಟಿದಾಗ ಎದೆಹಾಲು ನಿಲ್ಲಿಸಬೇಡಿ, ಡಾಕ್ಟರ್ ಹೇಳಿದ ಉಪ್ಪುನೀರಿನ ಹನಿ ಸಾಕು. ಅಳದೆ ಸಮಾಧಾನವಾಗಿ ಇರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳ ಒಳಗಿನ ಮಗುವಿಗೆ 60 ಅಥವಾ ಅದಕ್ಕಿಂತ ಜಾಸ್ತಿ, ಎರಡು ತಿಂಗಳ ಮೇಲೆ ವರ್ಷದೊಳಗೆ 50 ಅಥವಾ ಜಾಸ್ತಿ ಬಂದರೆ, ಉಸಿರೆಳೆಯುವಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯುವುದು ಬಿಟ್ಟರೆ, ತುಟಿ ನೀಲಿಯಾದರೆ, ಬೆಳಗಾಗಲಿ ಅಂತ ಕಾಯಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.

ನಿಮ್ಮ ಮನೆ ಹೆದ್ದಾರಿ 66ರ ಬದಿಯಲ್ಲೇ ಇದ್ದು ಬೇಸಗೆಯಲ್ಲಿ ರಸ್ತೆಯ ಧೂಳು ನೇರ ಒಳಗೆ ಬರುತ್ತದೆ, ಅಥವಾ ಹತ್ತಿರದಲ್ಲಿ ಕಲ್ಲಿನ ಕ್ವಾರಿ ಇದೆ ಅಂದರೆ ಮಾತ್ರ ಪ್ಯೂರಿಫೈಯರ್ ಬಗ್ಗೆ ಜನವರಿಯಲ್ಲಿ ಯೋಚಿಸಿ. ಆಗ ಹೆಪಾ ಇರುವುದನ್ನೇ ತಗೊಳ್ಳಿ, ಓಝೋನ್ ಎಂಬ ಉಸಿರು ಕೆರಳಿಸುವ ಅನಿಲ ಬಿಡುವಂಥದ್ದು ಬೇಡ. ಬೂಷ್ಟಿನ ಗೋಡೆ ಯಾವ ದಿಕ್ಕಿಗೆ, ಸೂರು ಎಷ್ಟು ಹೊರಗೆ ಚಾಚಿದೆ ಎಂದು ಬರೆಯಿರಿ, ಶೀಟು ಎಷ್ಟು ಅಗಲ ಬೇಕಾಗಬಹುದು ಎಂದು ನಾನು ಹೇಳುತ್ತೇನೆ.