ಮಣ್ಣಿಲ್ಲದೆ ಬರೇ ಬೇರಲ್ಲಿ ಬಂದ ಕ್ಲೆಮ್ಯಾಟಿಸ್ ಹೂಬಳ್ಳಿಯನ್ನು ಮೊದಲು ಕುಂಡದಲ್ಲಿಡಬೇಕಾ, ನೇರ ನೆಲಕ್ಕೆ ನೆಡಬಹುದಾ? 14 ಇಂಚಿನ ಸಿಮೆಂಟ್ ಕುಂಡ ತಂದಿಟ್ಟಿದ್ದೇನೆ.

ಕುಂಡದಲ್ಲೇ ಮಾರಾಯ್ರೆ. ಆದರೆ ನೀವು ತಂದಿಟ್ಟ ಆ ಸಿಮೆಂಟ್ ಕುಂಡದಲ್ಲಿ ಬೇಡ. "ಹೇಗೂ ಬಳ್ಳಿ ದೊಡ್ಡದಾಗ್ತದೆ, ಮತ್ತೆ ಕುಂಡ ಬದಲಿಸುವ ರಗಳೆ ಯಾಕೆ" ಅಂತ ನಾನೂ ಅಂಥದ್ದರಲ್ಲೇ ನೆಟ್ಟಿದ್ದೆ, ಅದೂ ಉಡುಪಿಯ ಜೂನ್ ತಿಂಗಳಲ್ಲಿ.

ಬರೇ ಬೇರಿನ ಗಿಡಕ್ಕೆ ನೀರು ಹೀರುವ ಕೂದಲೆಳೆ ಬೇರುಗಳು ಪ್ಯಾಕೆಟ್ಟಿನಲ್ಲೇ ಒಣಗಿರುತ್ತವೆ, ಎಲೆಯಂತೂ ಇಲ್ಲ. ಅದು ಕುಡಿಯುವ ನೀರು ಇಲ್ಲವೆನ್ನುವಷ್ಟು ಕಡಿಮೆ. ಸುತ್ತ ಮಾತ್ರ ಒಂದು ಬುಟ್ಟಿ ಒದ್ದೆ ಮಣ್ಣು. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಮೂರು ದಿನ ಆರುವುದಿಲ್ಲ, ಮಣ್ಣು ಎಲ್ಲಿಂದ ಆರಬೇಕು? ಮಾಡಿನ ಅಡಿ ಇಟ್ಟಿದ್ದರಿಂದ ಮೇಲ್ಮಣ್ಣು ಒಣಗಿದ ಹಾಗೆ ಕಂಡಿತು, ನೀರು ಹೊಯ್ದೆ. ಕೆಳಗೆ ಗಾಳಿಯಾಡದೆ ಎಲ್ಲ ಹುಳಿತಿತ್ತು. ಕಿತ್ತಾಗ ತೆಂಗಿನ ಸಿಪ್ಪೆ ಕೊಳೆಹಾಕಿದ ಗುಂಡಿಯದ್ದೇ ವಾಸನೆ. ಬೇರನ್ನು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಬಂತು, ನಡುವಿನ ನೂಲು ಮಾತ್ರ ಉಳಿಯಿತು. ಗೊಬ್ಬರ, ಮಳೆ ಎಲ್ಲದಕ್ಕೂ ಬೈದದ್ದಾಯಿತು. ತಪ್ಪಿದ್ದದ್ದು ಕುಂಡದ ಅಳತೆ.

ಬೇರು ಮಡಚದೆ ಇಳಿಯಬೇಕು, ಸುತ್ತ ಒಂದೊಂದು ಇಂಚು ಜಾಗ ಇದ್ದರೆ ಸಾಕು. ಆರು ಇಂಚು ಅಗಲ, ಎಂಟು ಇಂಚು ಆಳದ ಗ್ರೋ ಬ್ಯಾಗ್ ಧಾರಾಳ. ಪ್ಯಾಕೆಟ್ ಬಂದ ದಿನವೇ ಬಿಚ್ಚಿ ಒಂದು ಗಂಟೆ ನೀರಲ್ಲಿ ನೆನೆಸಿ, ಕಪ್ಪಾಗಿ ಮೆತ್ತಗಾದ ತುದಿಗಳನ್ನು ಗಟ್ಟಿ ಭಾಗದವರೆಗೆ ಕತ್ತರಿಸಿ. ತುಂಬಲು ಎರಡು ಪಾಲು ಸುಡುಮಣ್ಣು (ಕಸಕಡ್ಡಿ ಸೇರಿಸಿ ಸುಟ್ಟ ಮಣ್ಣು), ಒಂದು ಪಾಲು ಹೊಳೆ ಹೊಯಿಗೆ (ಮರಳು), ಅರ್ಧ ಪಾಲು ಹಳೇ ಹಟ್ಟಿಗೊಬ್ಬರ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣು ಹುಳಿ, ಅಂದರೆ ಆಮ್ಲೀಯ, ಸುಡುಮಣ್ಣಿನ ಬೂದಿ ಅದನ್ನು ಸ್ವಲ್ಪ ತಗ್ಗಿಸುತ್ತದೆ. ಕಡಲ ಹೊಯಿಗೆಯಲ್ಲಿ ಉಪ್ಪು, ಮುಟ್ಟಬೇಡಿ. ಕಾಂಡ ಬೇರು ಸೇರುವ ಗಂಟು ಎರಡು ಇಂಚು ಕೆಳಗಿರಲಿ. ಮೇಲಿನದ್ದು ಮುರಿದರೂ ಬಾಡಿದರೂ ಅಡಿಯಿಂದ ಚಿಗುರುತ್ತದೆ. ನೀರು ಹಾಕುವ ಮೊದಲು ಬ್ಯಾಗನ್ನು ಎತ್ತಿ ನೋಡಿ. ಭಾರ ಇದ್ದರೆ ಬೇಡ.

ಚಿಗುರು ಅರ್ಧ ಅಡಿಯಾದಾಗ ಕೆಳಗಿನ ಎರಡು ಜೊತೆ ಎಲೆ ಉಳಿಸಿ ಚಿವುಟಿ. ಹೊಟ್ಟೆ ಉರಿಯುತ್ತದೆ, ಆದರೂ ಚಿವುಟಿ, ಇಲ್ಲದಿದ್ದರೆ ಒಂದೇ ದಾರ ಮೇಲೇರುತ್ತದೆ. ರಾತ್ರಿ ಟಾರ್ಚ್ ಹಿಡಿದು ಬಸವನಹುಳು ಹೆಕ್ಕಬೇಕು. ಅಡಿಯ ತೂತಲ್ಲಿ ಬಿಳಿ ಬೇರು ಇಣುಕಿದ ಮೇಲೆ ಹತ್ತು ಇಂಚಿನ ಕುಂಡ.

ನೆಲಕ್ಕೆ ಯಾವಾಗ ಅಂತೀರಾ? ನೆಲವೇ ಬೇಡ. ಚಳಿಗೆ ಮಲಗಿ ಏಳುವ ಊರಿನ ಬಳ್ಳಿ ಇದು. ಕುಂಡವಾದರೆ ಜೂನಲ್ಲಿ ಜಗಲಿಗೆ, ಏಪ್ರಿಲಲ್ಲಿ ನೆರಳಿಗೆ ಎತ್ತಿಡಬಹುದು. ಪ್ಯಾಕೆಟ್ಟಿನ ಚಿತ್ರದ ತಟ್ಟೆಯಗಲದ ಹೂ ನಂಬಬೇಡಿ, ಕ್ಲೆಮ್ಯಾಟಿಸಿನಲ್ಲೇ ಸಣ್ಣ ಹೂವಿನ ವಿಟಿಸೆಲ್ಲಾ ಗುಂಪಿನ ತಳಿಗಳು ಸೆಕೆಯನ್ನು ಹೆಚ್ಚು ತಡೆಯುತ್ತವೆ. ಚಪ್ಪರ ತುಂಬುವುದಷ್ಟೇ ಬೇಕಿದ್ದರೆ ಸೂಜಿಮಲ್ಲಿಗೆ ನೆಡಿ.

ಆ ಸಿಮೆಂಟ್ ಕುಂಡಕ್ಕೆ ಸದ್ಯ ಬಸಳೆ ಹಾಕಿ.