ಟಾಂಜಾನಿಯಾದಲ್ಲಿ ಜ್ವರಕ್ಕೆಲ್ಲ ಮಲೇರಿಯಾ ಮಾತ್ರೆ ಕೊಡುತ್ತಾರೆಯೇ?

ಹಿಂದೆ ಹಾಗೇ ಇತ್ತು. ಈಗಿನ ನಿಯಮ ಬೇರೆ: ಮೊದಲು ಬೆರಳು ಚುಚ್ಚಿ ರಕ್ತಪರೀಕ್ಷೆ, ಮಲೇರಿಯಾ ಖಚಿತವಾದರೆ ಮಾತ್ರ ಮಾತ್ರೆ. ಈ ಪರೀಕ್ಷೆಯ ಕಿಟ್‌ನಲ್ಲಿ ಸುಮಾರು 15–20 ನಿಮಿಷಕ್ಕೆ ಫಲಿತಾಂಶ ಸಿಗುತ್ತದೆ. ಆದರೆ ಚಿಕಿತ್ಸೆ ಮುಗಿದ ಮೇಲೂ ಕೆಲವು ವಾರ ಅದು ಪಾಸಿಟಿವ್ ತೋರಿಸಬಹುದು; ಆಗ ಸುಮ್ಮನೆ ಎರಡನೇ ಕೋರ್ಸ್ ಬರೆದುಬಿಡುವ ಅಪಾಯವಿದೆ.

ಮಾಮೂಲಿ ಮಲೇರಿಯಾಕ್ಕೆ ಅಲ್ಲಿ ಮೊದಲ ಆಯ್ಕೆ ಆರ್ಟಿಮೆಥರ್-ಲ್ಯೂಮೆಫ್ಯಾಂಟ್ರಿನ್ ಎಂಬ ಎರಡು ಔಷಧ ಸೇರಿದ ಮಾತ್ರೆ, ಜನರ ಬಾಯಲ್ಲಿ 'ಮ್ಸೆಟೊ'. 20/120 ಮಿ.ಗ್ರಾಂ ಮಾತ್ರೆಯಾದರೆ 35 ಕೆ.ಜಿ. ಮತ್ತು ಮೇಲ್ಪಟ್ಟವರಿಗೆ ಸಲಕ್ಕೆ 4, 5ರಿಂದ 14 ಕೆ.ಜಿ. ಮಗುವಿಗೆ 1. ಒಟ್ಟು ಆರು ಸಲ: ಮೊದಲನೆಯದು, ಎಂಟು ಗಂಟೆ ಬಿಟ್ಟು ಎರಡನೆಯದು, ಆಮೇಲೆ ಎರಡು ದಿನ ಬೆಳಿಗ್ಗೆ-ಸಂಜೆ.

ಎಡವಟ್ಟಾಗುವುದು ಮನೆಯಲ್ಲಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಲ್ಯೂಮೆಫ್ಯಾಂಟ್ರಿನ್ ಸರಿಯಾಗಿ ಹೀರಿಕೆಯಾಗದು. ಹಾಲೋ, ಎಣ್ಣೆ ಹಾಕಿದ ಊಟವೋ ಜೊತೆಗಿರಬೇಕು. ಜ್ವರ ಇಳಿಯಿತೆಂದು ಉಳಿದ ಮಾತ್ರೆ ಎತ್ತಿಟ್ಟರೆ ಪರಾವಲಂಬಿ ಮತ್ತೆ ತಲೆಯೆತ್ತುತ್ತದೆ.

ನನಗೆ ಹೆಚ್ಚು ಆತಂಕ ನೆಗೆಟಿವ್ ಬಂದವರ ಬಗ್ಗೆ. ರೋಗಿಯನ್ನು ಬರಿಗೈಲಿ ಕಳಿಸಲಾಗದೆ ಆಂಟಿಬಯೋಟಿಕ್ ಬರೆಯುವುದು ವ್ಯಾಪಕವಾಗಿದೆ. ಮಗುವಿನ ಉಸಿರಾಟದ ವೇಗ ಎಣಿಸಿ, ನ್ಯುಮೋನಿಯಾ ಲಕ್ಷಣವಿದ್ದರಷ್ಟೇ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಕೊಡಬೇಕು.